ಶುದ್ಧ ಮಾದರಿ

ಏಳಬಾರದ ಜಾಗದಲ್ಲಿ ಗೆರೆ ಎದ್ದಿತ್ತು.

ಮುನೀಂದ್ರ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಎಲಾ ಇದರ! ಕಂಪ್ಯೂಟರಿನ ಪರದೆಯ ಮೇಲೆ ಚಪ್ಪಟೆಯಾಗಿ ಸಾಗಬೇಕಿದ್ದ ಗೆರೆ ನಡುವೆ ನೆಟ್ಟಗೆ ನಿಂತುಬಿಟ್ಟಿತ್ತು.

ಬೊಮ್ಮಸಂದ್ರದ ಆ ಲ್ಯಾಬಿಗೆ ಆಸ್ಪತ್ರೆಗಳಿಂದ ಮನೋರೋಗಿಗಳ ಮೂತ್ರ ಬರುತ್ತಿತ್ತು. ಕೂದಲೆಳೆಯಂಥ ಗಾಜಿನ ಕೊಳವೆಗೆ ಅದನ್ನು ಒಂದಿಷ್ಟು ಎಳೆದು ವಿದ್ಯುತ್ ಹಾಯಿಸಿದರೆ, ಬೆರೆತಿದ್ದ ಔಷಧಿಗಳೆಲ್ಲ ಬೇರೆಬೇರೆಯಾಗಿ ತಂತಮ್ಮ ಜಾಗದಲ್ಲಿ ಗೆರೆ ಎಬ್ಬಿಸುತ್ತಿದ್ದವು. ಹೋಲಿಸಿ ನೋಡಲು ಔಷಧಿಯೇ ಇಲ್ಲದ ಮೂತ್ರವೂ ಬೇಕು. ಅದಕ್ಕೆ ಲ್ಯಾಬಿನವರೇ ದಾನಿಗಳು. ಈ ಸಲ ಕೊಟ್ಟವರು ವ್ಯಾನಿನ ಡ್ರೈವರ್ ಬೈರಪ್ಪ ಮತ್ತು ಮುನೀಂದ್ರ. ಎರಡನ್ನೂ ಒಂದೇ ಬಾಟಲಿಗೆ ಸುರಿದಿದ್ದರು.

ಎದ್ದದ್ದು ಖಿನ್ನತೆಯ ಮಾತ್ರೆಯ ಗೆರೆ. ಯಾರದೆಂದು ಮುನೀಂದ್ರನಿಗೆ ಗೊತ್ತಿತ್ತು. ಅತ್ತಿಬೆಲೆಯ ತನಕ ಬೈಕಿನಲ್ಲಿ ಹೋಗಿ, ಗುರುತಿನವರಿಲ್ಲದ ಅಂಗಡಿಯಲ್ಲಿ ಕೊಂಡ ಮಾತ್ರೆ. ಹೆಂಡತಿ ರಾಣಿಗೂ ತಿಳಿಯದಂತೆ ವಿಟಮಿನ್ ಡಬ್ಬಿಯಲ್ಲಿ ಹಾಕಿಟ್ಟಿದ್ದ. ಲ್ಯಾಬಿನಲ್ಲಿ ಕೇಳಿದಾಗ ‘ನಾನು ಬೇಡ’ ಎಂದರೆ ಕಾರಣ ಹೇಳಬೇಕಾಗುತ್ತಿತ್ತು. ಬೆರೆಸಿದ ಮೇಲೆ ಎಲ್ಲಿ ಕಾಣುತ್ತದೆ ಅಂದುಕೊಂಡು ಕೊಟ್ಟಿದ್ದ. ಎಂ.ಎಸ್ಸಿ. ಓದಿದ ಬುದ್ಧಿ!

“ಇದೇನ್ರೀ ಇದು?” ಬೆನ್ನ ಹಿಂದೆ ಲ್ಯಾಬಿನ ಮುಖ್ಯಸ್ಥೆ ವೇಣಿ ನಿಂತಿದ್ದಳು.

“ಅದೇ ನೋಡ್ತಿದ್ದೀನಿ ಮೇಡಂ.”

“ಬೈರಪ್ಪನ್ನ ಕರೀರಿ.”

ಬೈರಪ್ಪನನ್ನೇ ಯಾಕೆ ಎಂದು ಮುನೀಂದ್ರ ಕೇಳಲಿಲ್ಲ.

ಬೈರಪ್ಪ ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ಬಂದ. “ಶೀತ ಅಂತ ಒಂದು ಮಾತ್ರೆ ನುಂಗಿದ್ದೆ ಮೇಡಂ. ಅದೇ ಇರ್ಬೇಕು.”

ವೇಣಿ ಮುನೀಂದ್ರನತ್ತ ತಿರುಗಿದಳು. “ಶೀತದ ಮಾತ್ರೆ ಈ ಜಾಗದಲ್ಲಿ ಬರುತ್ತಾ?”

ಬರಬಹುದು ಅಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆಮೇಲೆ ಇವಳು ಪರೀಕ್ಷಿಸಿ ನೋಡಿದರೆ?

“ಬರಲ್ಲ ಮೇಡಂ.”

ನಿಜವನ್ನೇ ಹೇಳಿದ್ದ, ಪಾಪ.

“ಅಂದ್ರೆ ಸುಳ್ಳು. ತಲೆ ಕೆಟ್ಟೋರ ಮಾತ್ರೆ ನುಂಗಿ ನಮ್ಮ ವ್ಯಾನ್ ಓಡಿಸ್ತಿದ್ದೀಯಾ? ಕೀ ಇಡು.”

“ಅಯ್ಯೋ, ನನ್ ತಲೆಗೆ ಏನಾಗೈತೆ ಮೇಡಂ? ಇನ್ನೊಂದ್ಸಲ ಕೊಡ್ತೀನಿ, ನೋಡ್ಬುಡಿ.”

“ಮೆಷಿನ್ ಖಾಲಿ ಇಲ್ಲ,” ಅಂದ ಮುನೀಂದ್ರ. ಅವನನ್ನು ಯಾರೂ ಕೇಳಿರಲಿಲ್ಲ.

ಬೈರಪ್ಪ ಕೀಯನ್ನು ಮೇಜಿನ ಮೇಲಿಟ್ಟ. ಹೋಗುವ ಮುಂಚೆ ಮುನೀಂದ್ರನ ಹತ್ತಿರ ನಿಂತ. “ನಿಮ್ ಕೆಲ್ಸಾನೂ ಕೆಡಿಸ್ಬಿಟ್ಟೆ ಸಾರ್. ಬೇಜಾರ್ ಮಾಡ್ಕೋಬ್ಯಾಡಿ.”

“ಪರವಾಗಿಲ್ಲ.”

ಬಾಯಿಂದ ಬಂದೇಬಿಟ್ಟಿತು. ತಾನು ಕ್ಷಮಿಸುವವನ ಹಾಗೆ! ಬೈರಪ್ಪನ ಬರಿಗಾಲನ್ನು ನೋಡುತ್ತ ಕೂತ.

ವೇಣಿ ಖಾಲಿ ಬಾಟಲಿ ಕೊಟ್ಟಳು. “ಇನ್ನು ನೀವೊಬ್ರೇ ಗತಿ. ಬೇಗ ತನ್ನಿ.”

ಟಾಯ್ಲೆಟ್ಟಿನ ಚಿಲಕ ಹಾಕಿಕೊಂಡ. ಕಿಟಕಿಯಾಚೆ ಬೈರಪ್ಪ ವ್ಯಾನಿನಿಂದ ತನ್ನ ಟವೆಲ್ಲು, ಊಟದ ಡಬ್ಬಿ, ಸ್ಟಿಯರಿಂಗ್ ಮುಂದಿದ್ದ ದೇವರ ಪಟ ತೆಗೆದುಕೊಳ್ಳುತ್ತಿದ್ದ. ಒಂದು ಸಲ ಕೂಗಿದ್ದರೆ ಸಾಕಿತ್ತು. ಮುನೀಂದ್ರ ನಲ್ಲಿ ತಿರುಗಿಸಿ ಬಾಟಲಿಗೆ ನೀರು ಹಿಡಿದ.

ಮಧ್ಯಾಹ್ನ ಪರದೆಯ ಮೇಲೆ ಹೊಸ ಗೆರೆ ಹೊರಟಿತು. ಔಷಧಿಯ ಜಾಗ ಬಂತು, ದಾಟಿತು. ಯಾವ ಮನುಷ್ಯನ ಮೂತ್ರದಲ್ಲಾದರೂ ಕಾಣಲೇಬೇಕಾದ ಸಣ್ಣಪುಟ್ಟ ಉಬ್ಬುಗಳ ಜಾಗವೂ ಬಂತು. ಅಲ್ಲೂ ಏನಿಲ್ಲ.

“ಅಬ್ಬಾ, ಎಷ್ಟು ಕ್ಲೀನಾಗಿದೆ ನೋಡ್ರೀ,” ಅಂದಳು ವೇಣಿ. “ಮೊದ್ಲೇ ನೀವೊಬ್ರೇ ಕೊಟ್ಟಿದ್ರೆ ಆಗ್ತಿತ್ತು.”

ಅವಳು ಹೋದಳು. ಎಲ್ಲಾದರೂ ಒಂದಿಷ್ಟು ಏಳಲಿ ಎಂದು ಮುನೀಂದ್ರ ಕಾಯುತ್ತ ಕೂತ. ಯಾರೂ ಇಲ್ಲದ ಆ ಗೆರೆ ಚಪ್ಪಟೆಯಾಗಿ ಸಾಗುತ್ತಲೇ ಇತ್ತು.