ಗೆಜ್ಜೆ ಕಟ್ಟಿದ ಮೊಲ

ಡಾಟ್ ಫೆರೆಟ್‌ನ ಕುತ್ತಿಗೆ ಹಿಡಿದು ಒಮ್ಮೆ ಕೊಡವಿದಳು. ಒಣ ಕಡ್ಡಿ ಮುರಿದಷ್ಟು ಸದ್ದಾಯಿತು, ಅಷ್ಟೇ. ಆಮೇಲೆ ಆ ಬಿಳಿ ಮೈಯನ್ನು ತಂದು ನನ್ನ ಕಾಲ ಬುಡದಲ್ಲಿಟ್ಟು, ಮೊಲ ತಂದಾಗ ನೋಡುವ ಹಾಗೆಯೇ ಮುಖವೆತ್ತಿ ನೋಡಿದಳು. ತಪ್ಪು ಮಾಡಿದ ನಾಯಿಯ ಮುಖವಾಗಿರಲಿಲ್ಲ ಅದು.

ಬೇಲಿಯ ಆಚೆಯಿಂದ ಏಮೋಸ್ ಮುಳ್ಳನ್ನೂ ಲೆಕ್ಕಿಸದೆ ನುಗ್ಗಿ ಬಂದ. ಕೆನ್ನೆ ಹರಿದು ರಕ್ತ ಗದ್ದಕ್ಕಿಳಿಯುತ್ತಿತ್ತು. ಏಮೋಸ್ ನನ್ನ ಗಂಡ ಸೆಪ್‌ನ ಅಣ್ಣ. ಸತ್ತ ಫೆರೆಟ್ ಅವನದು; ಮೊಲದ ಬಿಲಕ್ಕೆ ನುಗ್ಗಿಸಲೆಂದೇ ಸಾಕುವ, ಮುಂಗುಸಿಯಂಥ ಪ್ರಾಣಿ. ಡಾಟ್ ನನ್ನ ವಿಪೆಟ್, ಓಟದ ಬೇಟೆನಾಯಿ; ತಾಯಿ ಸತ್ತಾಗ ಇನ್ನೂ ಕಣ್ಣು ಬಿಟ್ಟಿರಲಿಲ್ಲ, ನನ್ನ ರವಿಕೆಯೊಳಗೆ ಮಲಗಿ ಬಟ್ಟೆಯ ತುದಿಯಿಂದ ಹಾಲು ಚೀಪಿ ಬೆಳೆದವಳು.

ಕಲ್ಲಿದ್ದಲು ಗಣಿಯ ಗೇಟಿಗೆ ಬೀಗ ಬಿದ್ದ ಚಳಿಗಾಲ ಅದು. ಡರ್ಹ್ಯಾಮ್‌ನ ನಮ್ಮ ಸಾಲುಮನೆಗಳಲ್ಲಿ ಮೊಲ ಬಿಟ್ಟರೆ ಬೇರೆ ಮಾಂಸ ಬೇಯುತ್ತಿರಲಿಲ್ಲ. ಬೇಲಿಬುಡದ ಬಿಲಗಳ ಬಾಯಿಗೆ ಚೀಲಬಲೆ ಹರಡಿ, ಗೂಟ ಬಡಿದು, ಒಂದು ಬಾಯಿಂದ ಫೆರೆಟ್ ಒಳಗೆ ಬಿಡುತ್ತಿದ್ದೆವು. ಹೆದರಿ ಓಡಿಬಂದ ಮೊಲ ಬಲೆಗೆ. ನಮ್ಮ ಕಣ್ಣಿಗೆ ಬೀಳದ ತೂತಿನಿಂದ ಹೊರಟದ್ದು ನಾಯಿಯ ಬಾಯಿಗೆ. ಒಣಹುಲ್ಲಿನೊಳಗೆ ವಿಪೆಟ್‌ಗೆ ಕಾಣುವುದು ಅಲುಗಾಟ ಮಾತ್ರ. ಅದಕ್ಕೇ ಫೆರೆಟ್‌ನ ಕೊರಳಿಗೆ ಗೆಜ್ಜೆ ಕಟ್ಟುವುದು. ಸದ್ದು ಮಾಡುತ್ತ ಬಂದದ್ದನ್ನು ಮುಟ್ಟಬಾರದು, ಸುಮ್ಮನೆ ಬಂದದ್ದನ್ನು ಬಿಡಬಾರದು. ಇಷ್ಟನ್ನು ನಾನು ಡಾಟ್‌ಗೆ ಬೆತ್ತದಿಂದ ಕಲಿಸಿದ್ದೆ. ಗೆಜ್ಜೆ ಕೇಳಿದರೆ ನಿಂತಲ್ಲೇ ಕಲ್ಲಾಗುವವರೆಗೆ ಹೊಡೆದಿದ್ದೆ.

ಏಮೋಸ್‌ನ ಮೊದಲ ಒದೆ ಅವಳ ಪಕ್ಕೆಗೆ ಬಿತ್ತು. ಎರಡನೆಯದಕ್ಕೆ ಸೆಪ್ ಅಡ್ಡ ಬಂದ. ಅಣ್ಣತಮ್ಮಂದಿರು ಹೆಪ್ಪುಗಟ್ಟಿದ ನೇಗಿಲ ಸಾಲಿನಲ್ಲಿ ಉರುಳಾಡಿದರು. ಉಸಿರು ಮತ್ತು ಗುದ್ದು, ಉಸಿರು ಮತ್ತು ಗುದ್ದು. ಸೆಪ್ ಅಣ್ಣನ ಕಿವಿ ಕಚ್ಚಿದ. ಏಮೋಸ್ ಹಣೆಯಿಂದ ತಮ್ಮನ ಮೂಗು ಜಜ್ಜಿದ, ಎದೆಯ ಮೇಲೆ ಕೂತ, ತಲೆಯನ್ನು ನೆಲಕ್ಕೆ ಕುಟ್ಟಿದ. ಕೊನೆಗೆ ತೋಳು ಸೋತಾಗ ನಮ್ಮಲ್ಲಿ ಯಾರೂ ಎದುರಾಡದ ಮಾತು ಹೇಳಿದ.

"ನಾಯಿ ಈ ಹೊಲ ದಾಟಬಾರ್ದು."

ಅದು ನಮ್ಮ ಕಟ್ಟಳೆ. ಫೆರೆಟ್ ಕೊಂದ ನಾಯಿಯನ್ನು ಅದೇ ಹೊಲದಲ್ಲಿ, ಫೆರೆಟ್‌ನವನ ಕಣ್ಣೆದುರು, ನಾಯಿಯ ಯಜಮಾನನೇ ಕೊಲ್ಲಬೇಕು. ಕೊಲ್ಲದವನ ಜೊತೆ ಊರಲ್ಲಿ ಯಾರೂ ಮೊಲ ಹಿಡಿಯಲು ಬೇಲಿಗೆ ಇಳಿಯುವುದಿಲ್ಲ. ಡಾಟ್ ನನ್ನವಳೇ, ಆದರೆ ಹೊಲದಲ್ಲಿ ಯಜಮಾನ ಅಂದರೆ ಸೆಪ್.

ಸೆಪ್ ಎದ್ದು ಮೂಗಿನ ರಕ್ತ ಸೀಟಿದ. ಬಿಲ ಅಗೆಯಲು ತಂದಿದ್ದ ಸನಿಕೆಯ ಕಡೆ ನೋಡಿದ, ನನ್ನ ಕಡೆ ನೋಡಿದ.

"ಹೂಂ, ಅವಳ ಲಂಗ ಹಿಡ್ಕೊಂಡು ಅಪ್ಪಣೆ ಕೇಳು," ಅಂದ ಏಮೋಸ್.

ಸೆಪ್ ಸನಿಕೆ ಎತ್ತಿಕೊಂಡ. "ಥಿರ್ಜಾ, ಆ ಕಡೆ ತಿರುಗು."

ನಾನು ತಿರುಗಲಿಲ್ಲ. ಮಂಡಿಯೂರಿ ಫೆರೆಟ್ ಎತ್ತಿಕೊಂಡೆ. ಇನ್ನೂ ಬಿಸಿಯಿತ್ತು. ತಲೆ ಹಿಂದಕ್ಕೆ ಜೋತಿತು, ಕೊರಳಪಟ್ಟಿ ಕಾಣಿಸಿತು, ಪಟ್ಟಿಯಲ್ಲಿ ಗೆಜ್ಜೆ ಇತ್ತು. ಅಲ್ಲಾಡಿಸಿದೆ. ಸದ್ದಿಲ್ಲ. ಮತ್ತೆ ಅಲ್ಲಾಡಿಸಿದೆ. ಪಟ್ಟಿಯಿಂದ ಗೆಜ್ಜೆ ಬಿಚ್ಚಿಕೊಂಡು, ಕೂದಲಿನ ಪಿನ್ ಕಿತ್ತು ಅದರ ಸೀಳಿನೊಳಗೆ ಚುಚ್ಚಿ ಎಳೆದೆ. ಬೂದುಬಣ್ಣದ ಕುರಿಯುಣ್ಣೆ ಎಳೆಎಳೆಯಾಗಿ ಬಂತು. ಬೆರಳಿನಿಂದ ಒತ್ತಿ ಒತ್ತಿ ತುರುಕಿದ ಉಣ್ಣೆ.

"ಬಾವ, ಇದು ಯಾಕೆ ಮಾತಾಡ್ಲಿಲ್ಲ?"

ಬಿಲದೊಳಗೆ ಸಿಕ್ಕಿಕೊಂಡಿರಬೇಕು ಎಂದ ಏಮೋಸ್. ಹಾಗೆನ್ನುವಾಗ ಅವನ ಕಣ್ಣು ಗುಡ್ಡದ ಮೇಲಿನ ಕಾವಲುಗಾರನ ಮನೆಯ ಕಡೆ ಹೋಗಿ ಬಂತು. ಮೊಲಗಳ್ಳರನ್ನು ಹಿಡಿಯಲು ಜಮೀನ್ದಾರ ಹೊಸದಾಗಿ ತಂದಿಟ್ಟ ಆ ಕಾವಲುಗಾರ ಏಮೋಸ್‌ನನ್ನು ಇದೇ ಬೇಲಿಯಲ್ಲಿ ಹಿಡಿದು, ಪ್ಯಾಂಟು ಬಿಚ್ಚಿಸಿ, ದೊಣ್ಣೆಯಿಂದ ಬಾರಿಸಿದ್ದು ಸಾಲುಮನೆಗಳಲ್ಲೆಲ್ಲ ಗೊತ್ತಿತ್ತು. ಸದ್ದು ಅವನ ಕಿವಿಗೆ ಬೀಳಬಾರದೆಂದು ಏಮೋಸ್ ಗೆಜ್ಜೆಯ ಬಾಯಿ ಮುಚ್ಚಿದ್ದ, ನಮಗೆ ಹೇಳಿರಲಿಲ್ಲ. ಹೇಳಿದ್ದರೆ ನಾನು ಡಾಟ್‌ಳನ್ನು ಹಗ್ಗದಲ್ಲಿ ಹಿಡಿದಿಟ್ಟುಕೊಳ್ಳುತ್ತಿದ್ದೆ. ಆದರೆ ಹೇಳುವುದೆಂದರೆ ಹೆದರಿದೆ ಎಂದು ಒಪ್ಪಿಕೊಂಡಂತೆ.

"ಬಿಲದೊಳಗೆ ಕುರಿ ಮೇಯ್ತಾವಾ ಬಾವ?"

ಸೆಪ್ ಸನಿಕೆಯ ಮೇಲೆ ಭಾರ ಬಿಟ್ಟು ನಿಂತ. ಏಮೋಸ್‌ನ ಮುಖದಲ್ಲಿ ರಕ್ತವಿಲ್ಲದ ಜಾಗವೂ ಕೆಂಪಾಯಿತು.

"ಗೆಜ್ಜೆ ಬಾರಿಸಿದ್ರೂ ಕಚ್ತಿತ್ತು. ಅದು ಕೊಲೆಗಡುಕ ನಾಯಿ. ಕಟ್ಟಳೆ ಕೇಳೋದು ಯಾರು ಕಚ್ಚಿದ್ರು ಅಂತ. ಕೊರಳಲ್ಲಿ ಏನಿತ್ತು ಅಂತಲ್ಲ."

ಸೆಪ್ ಹಿಡಿ ಬದಲಿಸಿದ. ಊರಿಡೀ ಅವನ ಬೆನ್ನು ನೋಡಿ ನಗುವುದು ಅವನಿಗೆ ಕಾಣಿಸುತ್ತಿತ್ತು, ನನಗೂ. ಸನಿಕೆಯ ಅಂಚು ನೆಲದಿಂದ ಮೇಲೆದ್ದಿತು.

ಆಗಲೇ ಕೆಳಗಿನ ಬಲೆ ಧಡಕ್ಕನೆ ಬಿಗಿಯಿತು. ಫೆರೆಟ್‌ಗೆ ಹೆದರಿ ಅಷ್ಟು ಹೊತ್ತು ಒಳಗೇ ಅಡಗಿದ್ದ ಮೊಲ ಈಗ ಹೊರಗೆ ಹಾರಿ ಬಲೆಯೊಳಗೆ ಒದೆಯುತ್ತಿತ್ತು. ನಾನು ಓಡಿ ಅದರ ಮೇಲೆ ಬಿದ್ದೆ. ಹಿಂಗಾಲಿನ ಉಗುರು ಮಣಿಕಟ್ಟನ್ನು ಸೀಳಿತು. ಅದರ ಕುತ್ತಿಗೆ ನಾನು ಮುರಿಯಲಿಲ್ಲ. ಬಲೆಯ ದಾರ ಹಲ್ಲಿನಿಂದ ಕಡಿದು, ಉಣ್ಣೆ ತೆಗೆದ ಗೆಜ್ಜೆಯನ್ನು ಮೊಲದ ಕೊರಳಿಗೆ ಕಟ್ಟಿದೆ.

"ನೋಡ್ಕೋ ಬಾವ," ಎಂದು ಡಾಟ್‌ಳ ಮೂಗಿನ ಮುಂದೆಯೇ ಅದನ್ನು ಬಿಟ್ಟೆ.

ಮೊಲ ನೆಗೆಯಿತು. ಘಲ್. ಡಾಟ್‌ಳ ತೊಡೆಯ ಸ್ನಾಯು ಬಿಲ್ಲಿನಂತೆ ಬಿಗಿದು, ಅಲ್ಲೇ ನಿಂತಿತು. ಬೋಳು ಹೊಲದ ಮೇಲೆ ಮೊಲ ಘಲಘಲ ಎನ್ನುತ್ತ ಅವಳ ಕಣ್ಣೆದುರೇ ಓಡುತ್ತಿತ್ತು. ಒಂದು ಕಾಲು ಮೇಲೆತ್ತಿಕೊಂಡು, ಜೊಲ್ಲು ಸುರಿಸುತ್ತ, ಇಡೀ ಮೈ ನಡುಗಿಸುತ್ತ ಅವಳು ನಿಂತೇ ಇದ್ದಳು. ಅಷ್ಟು ಸುಲಭವಾಗಿ ಹೊಡೆಯಲು ಸಿಗುವ ನಾಯಿ ಇನ್ನೊಂದಿಲ್ಲ. ಅದು ನನಗೆ ಹೊಳೆಯುವ ಮೊದಲೇ ಏಮೋಸ್‌ಗೆ ಹೊಳೆಯಿತು.

ಅವನು ತಮ್ಮನ ಕೈಯಿಂದ ಸನಿಕೆ ಕಿತ್ತು ಎರಡೂ ಕೈಯಿಂದ ಬೀಸಿದ. ನಾನು ಅವಳ ಹೆಸರು ಕೂಗಿದೆ. ಅವಳು ಕದಲಲಿಲ್ಲ. ಕದಲಿದವನು ಸೆಪ್. ಅದೇ ಸನಿಕೆಯಿಂದ ಅವಳನ್ನು ಕೊಲ್ಲಲು ಹೊರಟಿದ್ದ ಸೆಪ್ ತನ್ನ ಬಲಗೈಯನ್ನು ಅವಳ ಬೆನ್ನಿನ ಮೇಲೆ ಚಾಚಿದ. ಮೂಳೆ ಮುರಿದ ಸದ್ದು ಫೆರೆಟ್‌ನ ಸದ್ದಿಗಿಂತ ದಪ್ಪಗಿತ್ತು. ಅದು ಕಲ್ಲಿದ್ದಲು ಕಡಿಯುವ ಕೈ.

ಗೂಟ ಬಡಿಯುವ ಕೊಡತಿ ನನ್ನ ಸೊಂಟದಲ್ಲಿತ್ತು. ಏಮೋಸ್‌ನ ಮಂಡಿಗೆ ಬಡಿದೆ. ಬಿದ್ದ. ಸನಿಕೆಗೆ ಚಾಚಿದ ಬೆರಳುಗಳ ಮೇಲೆ ಬಡಿದೆ. ಮತ್ತೆ ಬಡಿದೆ. ನಿಲ್ಲಿಸಲು ಹೇಳಿದವನು ಸೆಪ್.

"ಸಾಕು. ಅವನೂ ಗಣಿಗೆ ವಾಪಸ್ ಹೋಗ್ಬೇಕು."

ಗುಡ್ಡದ ಮೇಲೆ ಕಾವಲುಗಾರನ ಬಾಗಿಲು ತೆರೆಯಿತು. ಏಮೋಸ್ ಅದನ್ನು ನೋಡಿದ. ಮೊಣಕೈ ಊರಿ ಬೇಲಿಯ ಕಡೆ ತೆವಳಲು ತೊಡಗಿದ. ಸತ್ತ ಫೆರೆಟ್ ಅಲ್ಲೇ ಬಿದ್ದಿತ್ತು. ನಾವು ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ.

ಸೆಪ್‌ನ ಕೈಯನ್ನು ಬಲೆಯಿಂದಲೇ ಕೊರಳಿಗೆ ತೂಗುಹಾಕಿದೆ. ಹಲ್ಲು ಕಚ್ಚಿ ನಡೆಯತೊಡಗಿದ. ಹೊಲದ ಅಂಚಿನಲ್ಲಿ ನಿಂತು ಡಾಟ್‌ಗೆ ಸಿಳ್ಳೆ ಹಾಕಿದೆ. ಬರಲಿಲ್ಲ. ದೂರದ ಬೇಲಿಯೊಳಗೆ ಎಲ್ಲೋ ಗೆಜ್ಜೆ ಇನ್ನೂ ಕೇಳುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಕೇಳುತ್ತಿತ್ತು. ಕಾವಲುಗಾರ ಗುಡ್ಡ ಇಳಿದು ಬರುತ್ತಿದ್ದ. ಡಾಟ್ ಒಂದು ಕಾಲು ಮೇಲೆತ್ತಿಕೊಂಡು ಹೊಲದ ನಡುವೆ ನಿಂತಿದ್ದಳು. ನಾನು ಹಿಂದಿರುಗಿ ಹೋಗಿ, ಅವಳ ಒಂದು ಕಿವಿಯನ್ನು ಎದೆಗೆ ಒತ್ತಿ, ಇನ್ನೊಂದನ್ನು ಅಂಗೈಯಿಂದ ಮುಚ್ಚಿ, ಅವಚಿ ಎತ್ತಿಕೊಂಡು ಹೊಲ ದಾಟಿದೆ.