ಎರಡು ಸರ್ವರು, ಚಿಂಚೋಳಿಯ ಒಂದು ಪುಟ

ವಾಡಿ ಜಂಕ್ಷನ್ನಿನ ಹೊರಗೆ ಗಾಡಿ ನಿಂತಿದೆ, ಸಿಗ್ನಲ್ ಸಿಕ್ಕಿಲ್ಲ, ಕಿಟಕಿಯ ಸರಳಿನ ಮೇಲೆ ಸಿಮೆಂಟಿನ ಧೂಳು, ಬೆರಳಿಟ್ಟರೆ ಬೆರಳಿನ ಗುರುತು ಮೂಡುತ್ತದೆ, ಶ್ರೀವಿದ್ಯಾ ಬೆರಳನ್ನು ಸೆರಗಿಗೆ ಒರೆಸಿಕೊಂಡಳು — ವಾಡಿ ದಾಟಿದರೆ ಶಹಾಬಾದ್, ಅಲ್ಲಿ ಕಾಲೇಜು ನಡೆಸುವ ಸಂಸ್ಥೆಯ ಕಾರ್ಯದರ್ಶಿ ಕಾಶೀನಾಥರ ಮನೆ, ಹೊರಕೋಣೆಯಲ್ಲಿ ಮೀಟಿಂಗು, ಕಾಲೇಜಿನ ಹೊಸ ಸರ್ವರಿಗೆ ವಿಂಡೋಸೋ ಲಿನಕ್ಸೋ ಎಂದು ಇವತ್ತು ಹೇಳಿಬಿಡಬೇಕು, ಒಂದ ಮಾತಿನಾಗ ಹೇಳ್ರಿ ಮೇಡಂ, ನನಗ ಕಂಪ್ಯೂಟರ್ ತಿಳಿಯಂಗಿಲ್ಲ, ಯಾವ್ದು ಜೋರು ಓಡ್ತದ ಅಷ್ಟ ಹೇಳ್ರಿ, ಎಂದು ಅವರು ಫೋನಿನಲ್ಲಿ ಹೇಳಿದ್ದರು, ಎತ್ತಿನ ಜೋಡಿ ಕೊಳ್ಳುವವರ ಹಾಗೆ. ಎದುರಿನ ಸೀಟಿನಲ್ಲಿ ಹಾಜಿಮಲಂಗ್ ತೂಕಡಿಸುತ್ತಿದ್ದಾನೆ, ಸೇಡಂ ಕಾಲೇಜಿನ ಲ್ಯಾಬಿನಲ್ಲಿ ಅವಳ ಜೊತೆಗಾರ, ತೊಡೆಯ ಮೇಲೆ ಟಿಫಿನ್ ಡಬ್ಬಿ, ನಿದ್ದೆಯಲ್ಲೂ ಅದನ್ನು ಬಿಟ್ಟಿಲ್ಲ, ಅವನು ವಿಂಡೋಸ್ ಕಡೆಯವನು, ಅವಳು ಲಿನಕ್ಸ್ ಕಡೆಯವಳು, ಇಡೀ ತಿಂಗಳು ಇದೇ ಜಗಳ. ಒಂದೇ ಟೇಬಲ್ಲಿನ ಮೇಲೆ ಒಂದೇ ತರಹದ ಎರಡು ಮಶೀನು, ಅವನದರಲ್ಲಿ ವಿಂಡೋಸ್ ಮತ್ತು ಅದರದೇ ವೆಬ್ ಸರ್ವರು, ಅವಳದರಲ್ಲಿ ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸೀಡಿಯ ಲಿನಕ್ಸು, ಅದರ ಮೇಲೆ ಅಪಾಚೆ ಎಂಬ ವೆಬ್ ಸರ್ವರು, ಎರಡರಲ್ಲೂ ಹುಡುಗಿಯರ ಹಾಸ್ಟೆಲ್ ಸೀಟಿನ ಅದೇ ಅರ್ಜಿ, ಮೂರನೆಯ ಮಶೀನಿನಿಂದ ನೂರಾರು ಹುಡುಗಿಯರು ಒಮ್ಮೆಲೇ ಗುಂಡಿ ಒತ್ತಿದಂತೆ ಬೇಡಿಕೆ ಕಳಿಸಿ, ಯಾವುದು ಎಷ್ಟು ಬೇಗ ಉತ್ತರ ಕೊಡುತ್ತದೆ ಎಂದು ನೋಡುವುದು. ಮೊದಲ ಸಲ ಲಿನಕ್ಸ್ ಎಷ್ಟು ಮುಂದೆ ಹೋಯಿತೆಂದರೆ ಅವಳು ನಗು ಮುಚ್ಚಿಡಲಿಕ್ಕೆ ನೀರು ಕುಡಿಯುವ ನೆಪ ಮಾಡಿದಳು, ಆಗ ಹಾಜಿಮಲಂಗ್, ಹಂಗಲ್ರಿ ಮೇಡಂ, ನನ್ನ ಮಶೀನ್ದಾಗ ಆ್ಯಂಟಿವೈರಸ್ ಕುಂತು ಒಂದೊಂದು ಫೈಲ್ ಮೂಸಿ ನೋಡಾಕತ್ತದ, ನಿಮ್ಮದು ಬರಿಗೈಲೆ ಓಡಾಕತ್ತದ, ಇದು ಇನ್ಸಾಫ್ ಅಲ್ರಿ. ಸಿಟ್ಟು ಬಂತು, ಅವನು ಹೇಳಿದ್ದು ಖರೆ ಇತ್ತು, ಅದಕ್ಕೇ ಬಂತು. ಆ್ಯಂಟಿವೈರಸ್ ತೆಗೆದು ಮತ್ತೆ ಮೊದಲಿನಿಂದ ಮಾಡಿದರು, ಅಂತರ ಕರಗಿತು, ಮಂದಿ ಕಡಿಮೆ ಇದ್ದರೆ ಎರಡೂ ಸರಿಸಮ, ಮಂದಿ ಏರಿದಂತೆ ವಿಂಡೋಸ್ ಏದುಸಿರು ಬಿಡುತ್ತದೆ ಆದರೆ ಬೀಳುವುದಿಲ್ಲ, ಲಿನಕ್ಸ್ ತಾಳಿಕೊಂಡು ಹೋಗುತ್ತದೆ. ಇಷ್ಟೇ ಆಗಿದ್ದರೆ ಎಷ್ಟು ಸುಲಭವಿತ್ತು, ಹೇಳಿ, ಚಹಾ ಕುಡಿದು, ಸಂಜೆಯ ಗಾಡಿಗೆ ಸೇಡಂಗೆ ವಾಪಸು.

ಆದರೆ ಗುರುದೇವಿ. ಹೋದ ವರ್ಷ, ಎರಡು ಸಾವಿರದ ನಾಲ್ಕರ ಜೂನು, ಹಾಸ್ಟೆಲ್ ಅರ್ಜಿ ಕಂಪ್ಯೂಟರಿನಲ್ಲೇ ಹಾಕಬೇಕೆಂದು ಸಂಸ್ಥೆ ಹೊಸದಾಗಿ ಮಾಡಿದ ವರ್ಷ, ಗಡುವು ಮುಗಿದ ಮಾರನೆಯ ದಿನ ಆಂಧ್ರದ ಗಡಿಯ ಕುಂಚಾವರಂನಿಂದ ಬಂದ ಹುಡುಗಿ, ಜೊತೆಗೆ ತಾಯಿ, ಆಫೀಸಿನ ಕಿಟಕಿಗೆ ಇಬ್ಬರೂ ಮುಖ ಒತ್ತಿಕೊಂಡು ನಿಂತಿದ್ದರು, ಕನ್ನಡ ತೆಲುಗು ಕೂಡಿಸಿ ತಾಯಿ ಏನೋ ಬೇಡಿಕೊಳ್ಳುತ್ತಿದ್ದಳು, ಗುಮಾಸ್ತ, ಯಾಳೆ ಮುಗದದವ್ವ, ಕಂಪ್ಯೂಟರ್ ಬಂದ್ ಮಾಡ್ಯದ, ನಾ ಏನ್ ಮಾಡ್ಲಿ. ಹಾದು ಹೋಗುತ್ತಿದ್ದ ಶ್ರೀವಿದ್ಯಾ ನಿಂತು ಕೇಳಿದಳು, ಯಾಕ ಹಾಕ್ಲಿಲ್ಲವಾ ಮೊದಲ. ಹುಡುಗಿ, ಚಿಂಚೋಳಿಗಿ ಹೋಗಿದ್ನಿರಿ ಮೇಡಂ, ಕಂಪ್ಯೂಟರ್ ಅಂಗಡ್ಯಾಗ ಮಧ್ಯಾಹ್ನತನ ಕುಂತಿದ್ನಿ, ಪುಟ ಪೂರ್ತಿ ಬರ್ಲಿಲ್ರಿ, ಯಾರ್ದೋ ಮಾರಿ ಬಂದು ನಿಂತ್ಬಿಡ್ತು. ಯಾರ ಮುಖ ಎಂದು ಅವಳು ಕೇಳಲಿಲ್ಲ, ಕೇಳಬೇಕೆಂದು ಹೊಳೆಯಲೂ ಇಲ್ಲ, ಸರ್ವರಿನ ಶಕ್ತಿ ಸಾಲದು ಎಂದರು ಎಲ್ಲರೂ, ಹೌದು ಸಾಲದು ಎಂದಳು ಇವಳೂ, ಅದಕ್ಕೇ ಈ ಹೊಸ ಮಶೀನು, ಈ ಪರೀಕ್ಷೆ. ಹಾಸ್ಟೆಲ್ ಇಲ್ಲದೆ ಕುಂಚಾವರಂನ ಹುಡುಗಿ ಸೇಡಂನಲ್ಲಿ ಓದುವುದುಂಟೇ, ತಾಯಿ ಮಗಳ ಕೈ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದದ್ದು, ಹುಡುಗಿಯ ಜಡೆಯ ತುದಿಯ ಕೆಂಪು ರಿಬ್ಬನ್ನು — ಗಾಡಿ ಜಗ್ಗಿತು, ಡಬ್ಬಿ ಸದ್ದಾಯಿತು, ಹಾಜಿಮಲಂಗ್ ಎದ್ದು, ವಾಡಿ ಬಂತೇನ್ರಿ. ಇನ್ನೂ ಇಲ್ಲ, ಮಲಕ್ಕೋರಿ. ಮೊನ್ನೆ ಅವನನ್ನೂ ಕರೆದುಕೊಂಡೇ ಚಿಂಚೋಳಿಗೆ ಹೋಗಿದ್ದಳು, ಸುಲೇಪೇಟದಲ್ಲಿ ಬಸ್ಸು ಬದಲಿಸಿ, ಲ್ಯಾಬಿನಲ್ಲಿ ಪಕ್ಕದ ಟೇಬಲ್ಲಿನಿಂದ ಅಳೆದದ್ದು ಸಾಕು, ಹುಡುಗಿಯರು ಕೂರುವಲ್ಲಿ ಕೂತು ನೋಡೋಣ ಎಂದು. ಅಂಗಡಿಯಲ್ಲಿ ಮೋಡೆಮ್ಮು ಕೀರಲಿಟ್ಟಿತು, ಮೊದಲು ವಿಂಡೋಸ್ ಮಶೀನಿನ ಪುಟ ಕರೆದರು, ಆಮೇಲೆ ಲಿನಕ್ಸಿನದು, ಎರಡೂ ಒಂದೇ, ಒಂದರಷ್ಟೇ ಇನ್ನೊಂದು ನಿಧಾನ, ಇಡೀ ತಿಂಗಳ ಜಗಳ ಆ ಫೋನಿನ ತಂತಿಯಲ್ಲಿ ಲೆಕ್ಕಕ್ಕೇ ಬರಲಿಲ್ಲ. ಪರದೆಯ ಮೇಲಿನಿಂದ ಒಂದು ಬಿಳಿ ರುಮಾಲು ಇಳಿಯಿತು, ಎಳೆ ಎಳೆಯಾಗಿ, ರುಮಾಲಿನ ಕೆಳಗೆ ವಿಭೂತಿಯ ಹಣೆ, ಹುಬ್ಬು, ಎರಡು ಕಣ್ಣು, ಅಲ್ಲಿಗೆ ನಿಂತಿತು. ಸೂಗಪ್ಪನವರು, ಸಂಸ್ಥೆ ಕಟ್ಟಿದವರು, ಕಾಶೀನಾಥರ ತಂದೆ, ಮೊದಲ ಅಪ್ಪಾಜಿ ದರ್ಶನ ಆಗಲಿ ಆಮ್ಯಾಲ ಅರ್ಜಿ ಬರಲಿ ಎಂದು ಮಗ ಆಸೆಪಟ್ಟಿದ್ದರು, ಫೋಟೋ ಪೂರ್ತಿ ಬಂದ ಮೇಲೆಯೇ ಅರ್ಜಿ ತೆರೆಯುವ ಹಾಗೆ ಪುಟ ಬರೆದಿದ್ದರು ಶ್ರೀವಿದ್ಯಾ ಹಾಜಿಮಲಂಗ್ ಇಬ್ಬರೂ, ದೊಡ್ಡ ಫೋಟೋ, ಸೇಡಂನಲ್ಲಿ ಕಣ್ಣು ಮಿಟುಕಿಸುವುದರೊಳಗೆ ಬರುತ್ತಿತ್ತು. ಹಾಜಿಮಲಂಗ್ ಪರದೆಯನ್ನೇ ನೋಡುತ್ತ, ಮೇಡಂ, ಇದನ್ನ ಸಾಹೇಬರಿಗಿ ಹೇಳೋರು ಯಾರ್ರಿ.

ಹೇಳಬೇಕಾದವಳು ಅವಳೇ, ಈಗ ಹೇಳುತ್ತಿದ್ದಾಳೆ, ಹೊರಕೋಣೆಯ ಶಹಾಬಾದ್ ಕಲ್ಲಿನ ನೆಲ ತಣ್ಣಗಿದೆ, ಬರ್ರಿ ಬರ್ರಿ, ಕುಂದ್ರಿ, ಚಾ ತಗೋರಿ, ಎಂದರು ಕಾಶೀನಾಥರು, ಹಾಂ, ಯಾವ್ದು ಅಂತೀರಿ. ಲಿನಕ್ಸ್ ರೀ ಸರ್, ಮಂದಿ ಭಾಳ ಬಂದ್ರ ಅದು ತಾಳ್ತದ, ಆದ್ರ — ಅವರ ತಲೆಯ ಹಿಂದಿನ ಗೋಡೆಯಲ್ಲಿ ಅದೇ ಫೋಟೋ, ಹಾರ ಹಾಕಿದ್ದು, ಇಲ್ಲಿ ಮುಖ ಪೂರ್ತಿ ಇದೆ, ಮೀಸೆ, ಮೀಸೆಯ ಕೆಳಗೆ ಮಾತಾಡಲು ಹೊರಟಂತಿರುವ ತುಟಿ, ಊರೂರು ತಿರುಗಿ ಹುಡುಗೀರ್ನ ಸಾಲಿಗಿ ಕಳಸ್ರವ್ವ ಎಂದು ಬೇಡಿದ್ದರಂತೆ, ಕುಂಚಾವರಂ ತಾಂಡಾಗಳವರೆಗೂ ನಡೆದೇ ಹೋಗಿದ್ದರಂತೆ. ಆದ್ರ ಏನ್ರಿ, ಹೇಳ್ರಿ. ಚಿಂಚೋಳಿ ಲೈನಿಗಿ ಎರಡೂ ಒಂದ ರೀ ಸರ್, ಹೋದ ವರ್ಷ ಅರ್ಜಿ ನಿಂತದ್ದು ಮಶೀನಿನಿಂದ ಅಲ್ಲ, ಫೋಟೋದಿಂದ. ಯಾವ ಫೋಟೋ. ಅಪ್ಪಾಜಿಯವರದು ರೀ. ಚಹಾದ ಕಪ್ಪು ಬಸಿಯ ಮೇಲೆ ಕೂತ ಸದ್ದು, ಹಾಜಿಮಲಂಗ್ ತನ್ನ ಕಾಲ್ಬೆರಳು ನೋಡಿಕೊಳ್ಳುತ್ತಿದ್ದಾನೆ, ಒಳಮನೆಯಲ್ಲಿ ಯಾರೋ ಕುಕ್ಕರ್ ಇಳಿಸಿದರು, ಕಾಶೀನಾಥರ ಕಿವಿ ಕೆಂಪಗಾಯಿತು, ಕೆಲಸ ಹೋದರೆ ಹೋಗಲಿ ಎಂದುಕೊಂಡಳು. ಕುಂಚಾವರಂ ಹುಡುಗಿಯ ಸಂಗತಿ ಹೇಳಿದಳು, ತಾಯಿಯ ಸಂಗತಿ ಹೇಳಿದಳು, ದನಿ ಏರಿಸಲಿಲ್ಲ. ಅವರು ಕೇಳಿದ್ದು ಒಂದೇ, ಫೋಟೋ ಎಲ್ಲಿತನ ಬರ್ತದ್ರಿ. ಕಣ್ಣಿನ ತನ ರೀ. ಅವರು ಕುರ್ಚಿಯಲ್ಲೇ ತಿರುಗಿ ಗೋಡೆ ನೋಡಿದರು. ತೆಗೀರಿ. ಸಣ್ಣದ್ ಮಾಡೂದು ಬ್ಯಾಡ, ಪೂರಾ ತೆಗೀರಿ, ಮಶೀನ್ ನಿಮಗ ಬೇಕಾದ್ದು ಹಚ್ಕೋರಿ. ಅಷ್ಟೇ, ಮುಗಿಯಿತು, ಶಹಾಬಾದ್ ಸ್ಟೇಷನ್ನಿನ ಕಲ್ಲುಬೆಂಚಿನಲ್ಲಿ ಹಾಜಿಮಲಂಗ್ ಡಬ್ಬಿ ಬಿಚ್ಚಿ, ನಾಳೆನ ಹೊಸ ಪುಟ ಬರಿಯೂಣ್ರಿ, ಬರೇ ಅಕ್ಷರ, ನಿಮ್ಮ ಲಿನಕ್ಸ್ ಮ್ಯಾಲೇ ಇಡೂಣ ಹೋಗ್ಲಿ, ರೊಟ್ಟಿ ತಗೋರಿ, ಅವಳು ರೊಟ್ಟಿ ಮುರಿದಳು, ಈ ವರ್ಷದ ಹುಡುಗಿಯರಿಗೆ ಪುಟ ಬರುತ್ತದೆ, ಚಿಂಚೋಳಿಯಲ್ಲೂ ಬರುತ್ತದೆ, ಗುರುದೇವಿಗೆ ಯಾರು ಹೇಳಬೇಕು, ಯಾವ ಊರಿನಲ್ಲಿದ್ದಾಳೋ, ಮದುವೆ ಮಾಡಿಬಿಟ್ಟರೋ, ಅಂದು ಮಧ್ಯಾಹ್ನದವರೆಗೂ ಅವಳು ಚಿಂಚೋಳಿಯ ಅಂಗಡಿಯ ಕುರ್ಚಿಯಲ್ಲಿ, ಎದುರಿಗೆ ಬಿಳಿ ರುಮಾಲು, ವಿಭೂತಿ, ಎರಡು ಕಣ್ಣು ಅವಳನ್ನೇ ನೋಡುತ್ತ, ಅದರ ಕೆಳಗೆ ಖಾಲಿ — ರುಮಾಲು, ವಿಭೂತಿ, ಕಣ್ಣು, ಅದರ ಕೆಳಗೆ, ಬಾಯಿ ಇರಬೇಕಾದಲ್ಲಿ, ಬಿಳಿ