ಹೊಲಿದ ಜೇಬಿನ ಕೋಟು

ಮಾವನವರ ಕೋಟಿಗೆ ಜೇಬುಗಳಿದ್ದವು, ಜೇಬುಗಳಿಗೆ ಬಾಯಿ ಇರಲಿಲ್ಲ. ಹೊಸ ಕೋಟು ಮನೆಗೆ ಬಂದ ದಿನವೇ ಕನ್ನಡಕ ಏರಿಸಿ ಕುಳಿತು, ದಪ್ಪ ದಾರದಿಂದ ಅವನ್ನೆಲ್ಲ ತಾವೇ ಹೊಲಿದುಬಿಡುತ್ತಿದ್ದರು; ಬೀಗದಕೈ ಕೊರಳ ದಾರದಲ್ಲಿ, ಕರವಸ್ತ್ರ ತೋಳಿನ ಮಡಿಕೆಯಲ್ಲಿ, ಕೈಗಳು ಮಾತ್ರ ತೊಳೆದು ಒರೆಸಲು ಬಟ್ಟೆ ಸಿಗದವರ ಹಾಗೆ ಮೈಯಿಂದ ತುಸು ದೂರದಲ್ಲಿ ತೂಗುತ್ತ, ಅವರು ಬೀದಿಯಲ್ಲಿ ನಡೆದರೆ ಅಂಗಡಿಯವರು ‘ಕೈತೊಳೆ ಮಾವ ಬಂದರು’ ಎಂದು ಮುಸಿಮುಸಿ ನಗುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆಯೂ ನಕ್ಕಿದ್ದಳು.

ಅವರು ಬೆಳೆಯುತ್ತಿದ್ದುದು ಅಗ್ನಿಶಿಖೆಯನ್ನು. ಎಲೆಯ ತುದಿಯನ್ನೇ ಬೆರಳಿನಂತೆ ಸುತ್ತಿ ತಂತಿ ಹಿಡಿದು ಹತ್ತುವ ಬಳ್ಳಿ ಅದು. ಹೂವು ಹಳದಿಯಾಗಿ ಅರಳಿ, ದಿನ ಕಳೆದಂತೆ ಕೆಂಪೇರಿ, ಎಸಳುಗಳನ್ನು ಮೇಲಕ್ಕೆ ಮಡಿಚಿ ಉರಿಯುತ್ತದೆ. ಬೆಳಗಿನ ಹೊತ್ತು ಒಂದರ ಪರಾಗವನ್ನು ಇನ್ನೊಂದಕ್ಕೆ ಕುಂಚದಿಂದ ಮುಟ್ಟಿಸಿದರೆ ಕಾಯಿ ಚೆನ್ನಾಗಿ ಕಟ್ಟುತ್ತದೆ. ಬೀಜ ಕೀಲುನೋವಿನ ಔಷಧಕ್ಕೆ ಹೋಗುತ್ತದೆ. ಆದರೆ ಗಿಡದ ಸರ್ವಾಂಗವೂ ವಿಷ, ನೆಲದೊಳಗಿನ ಕವಲುಗಡ್ಡೆಯಂತೂ ಘೋರ. ಹುಡುಗನಾಗಿದ್ದಾಗ ಅವರು ಆಟಕ್ಕೆಂದು ಜೇಬಿನಲ್ಲಿಟ್ಟು ತಂದ ಗಡ್ಡೆಯನ್ನು ತಾಯಿ ಗೆಣಸೆಂದು ಬೇಯಿಸಿದ್ದರು. ತಂಗಿ ಉಳಿಯಲಿಲ್ಲ. ಆಮೇಲೆ ಆ ಮನೆಯೊಳಗೆ ಗೆಣಸು ಬಂದಿರಲಿಲ್ಲ. ಮತ್ತೆ ಇದನ್ನೇ ಏಕೆ ಬೆಳೆಯುತ್ತೀರಿ ಎಂದು ಸೊಸೆ ಒಮ್ಮೆ ಕೇಳಿದ್ದಳು.

“ಅದು ಬೇಲೀಲೂ ಬೆಳೆಯತ್ತಮ್ಮ. ನನ್ನ ಕಣ್ಣೆದುರಿಗೇ ಇರಲಿ,” ಎಂದಿದ್ದರು.

ಬಸುರಿ ಸೊಸೆಗೆ ಗೆಣಸಿನದೇ ಬಯಕೆ ಹತ್ತಿತು. ಮಾವ ಬೀಜ ಕೊಡಲು ಔಷಧದ ಕಾರ್ಖಾನೆಗೆ ಹೋದ ಮಧ್ಯಾಹ್ನ ಅವಳು ಹಿತ್ತಲ ಬಾಗಿಲಲ್ಲಿದ್ದ ಬುಟ್ಟಿ ಹಿಡಿದು ಮಾರುಕಟ್ಟೆಗೆ ಹೋಗಿ ಗೆಣಸು ತಂದಳು. ಸಿಪ್ಪೆ ತೆಗೆದು, ಹೆಚ್ಚಿ, ಬೇಯಿಸಿ, ಕಳ್ಳ ಬೆಕ್ಕಿನಂತೆ ಗೋಡೆಗೆ ಮುಖ ಮಾಡಿ ತಿನ್ನತೊಡಗಿದಳು. ಅಷ್ಟರಲ್ಲಿ ಮಾವ ಬಂದೇಬಿಟ್ಟರು. ಅವರು ಬೈಯಲಿಲ್ಲ. ಅವರ ಕಣ್ಣು ಪಾತ್ರೆಯ ಮೇಲಿರಲಿಲ್ಲ, ಬುಟ್ಟಿಯ ಮೇಲಿತ್ತು. ಬಿತ್ತನೆಗೆ ಅಗೆದ ಗಡ್ಡೆಗಳನ್ನು ಬೆಳಿಗ್ಗೆ ಅದರಲ್ಲೇ ಹೊತ್ತು ಶೆಡ್ಡಿನ ಮರಳಿಗೆ ಸೇರಿಸಿದ್ದರು. ಬಸ್ಸು ತಪ್ಪುತ್ತದೆಂಬ ಆತುರದಲ್ಲಿ, ಎಂದೂ ಇಲ್ಲದ್ದು, ತೊಳೆಯದೆ ಬಿಟ್ಟುಹೋಗಿದ್ದರು.

“ತಳದಲ್ಲಿ ಏನಾದ್ರೂ ಇತ್ತಾ?”

ಸೊಸೆ ಕೈಯಲ್ಲಿದ್ದ ಹೋಳನ್ನು ಪಾತ್ರೆಗೆ ಹಾಕಿದಳು. ಇತ್ತೋ ಇಲ್ಲವೋ ಅವಳು ನೋಡಿರಲಿಲ್ಲ. ಮುರಿದ ತುಂಡೊಂದು ಸೇರಿಕೊಂಡಿದ್ದರೂ ಹೆಚ್ಚಿ ಬೇಯಿಸಿದ ಮೇಲೆ ಯಾವುದು ಯಾವುದೆಂದು ಹೇಳುವುದು ಹೇಗೆ? ಮಾತು ಕೇಳಿ ಒಳಬಂದ ಅವಳ ಗಂಡ ಬಾಡಿಗೆ ಕಾರು ತರಲು ಓಡಿದ. ಮಾವ ಪಾತ್ರೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಒಂದೊಂದೇ ಹೋಳನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿ, ಕಹಿಗಾಗಿ ಕಾಯತೊಡಗಿದರು. ಅವಳು ಬೇಡವೆಂದು ಕೈ ಹಿಡಿದಳು.

“ಅವತ್ತು ನಾನೂ ಒಂದು ತುತ್ತು ತಿಂದು ಉಗುಳಿದ್ದೆ. ಆ ರುಚಿ ನಂಗೆ ಮರೆತಿಲ್ಲಮ್ಮ,” ಎಂದರು.

ಯಾವ ಹೋಳೂ ಕಹಿಯಿರಲಿಲ್ಲ. ಆದರೆ ಅವಳು ಆಗಲೇ ತಿಂದಿದ್ದರ ಗತಿ? ಆಸ್ಪತ್ರೆಯಲ್ಲಿ ಇಬ್ಬರನ್ನೂ ಬೆಳಗಿನವರೆಗೆ ಮಲಗಿಸಿಕೊಂಡರು. ಅವಳು ಕೆಮ್ಮಿದರೆ ಅವರು ಎದ್ದು ಕೂರುತ್ತಿದ್ದರು, ಅವರು ಎದ್ದು ಕೂತರೆ ಅವಳೂ ಎದ್ದು ಕೂರುತ್ತಿದ್ದಳು. ಇವರಲ್ಲಿ ರೋಗಿ ಯಾರು ಎಂದು ನರ್ಸಿಗೇ ಅನುಮಾನ ಬಂತು. ಏನೂ ಆಗಲಿಲ್ಲ. ಬುಟ್ಟಿಯನ್ನು ಮಾವ ಸುಟ್ಟುಹಾಕಿದರು.

ಕೆಲವು ದಿನಗಳ ಮೇಲೆ ಸೊಸೆ ಕಿಟಕಿಯಿಂದ ನೋಡುತ್ತಾಳೆ: ಮಾವ ಬೀದಿಯಲ್ಲಿ ಬರುತ್ತಿದ್ದಾರೆ, ಕೈಗಳು ತೂಗುತ್ತಿಲ್ಲ. ಜೇಬು ಇನ್ನೂ ಹೊಲಿದೇ ಇದೆ. ಬುಟ್ಟಿ, ಚೀಲ ಯಾವುದನ್ನೂ ನಂಬದೆ, ಮಾರುಕಟ್ಟೆಯಲ್ಲಿ ಬೇಯಿಸಿ ಮಾರುವ ಗೆಣಸನ್ನು ಎರಡೂ ಅಂಗೈಗಳಲ್ಲಿ ಎದೆಯೆತ್ತರಕ್ಕೆ ಹಿಡಿದು, ನಗುವ ಅಂಗಡಿಗಳ ನಡುವೆ ನಡೆದು ಬಂದರು. ತಟ್ಟೆಗಿಟ್ಟಾಗ ನೋಡಿದರೆ ಪ್ರತಿಯೊಂದರ ತುದಿಯಲ್ಲೂ ಕಚ್ಚಿದ ಗುರುತಿತ್ತು.

“ತಿನ್ನು. ಎಲ್ಲಾ ಸಿಹಿ ಇದೆ,” ಎಂದು ಕೈ ತೊಳೆಯಲು ಹೋದರು.

ಇಂಥ ಪುಕ್ಕಲರನ್ನು ಕಂಡು ಲೋಕ ನಗುತ್ತದೆ, ನಗಲಿ. ಅವರ ಮನೆಯವರು ಮಾತ್ರ ತಟ್ಟೆಯಲ್ಲಿರುವುದನ್ನು ಹಿಂದುಮುಂದು ನೋಡದೆ ತಿನ್ನುತ್ತಾರೆ.